ಗುದ್ದಲಿ ನೋಡಲು ಬಂದವರು

ಶೇಷೇಗೌಡರು ಗುದ್ದಲಿಯನ್ನು ಕೊಳ್ಳುವ ಮೊದಲು ನೆಕ್ಕಿ ನೋಡುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ. ಕೊಟ್ಟಿಗೆಹಾರದ ನನ್ನ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಕನ್ನಡಕವನ್ನು ಹಣೆಗೇರಿಸಿ, ಹೊಸ ಗುದ್ದಲಿಯ ಅಲಗನ್ನು ಬಾಯಿಯ ಹತ್ತಿರ ತಂದು, ನಾಲಿಗೆಯ ತುದಿಯಿಂದ ಒಮ್ಮೆ ಸವರಿ, ಕಣ್ಣು ಮುಚ್ಚಿ, ಉಪ್ಪಿನಕಾಯಿಯ ರುಚಿ ನೋಡುವವರ ಹಾಗೆ ಸ್ವಲ್ಪ ಹೊತ್ತು ಯೋಚಿಸುತ್ತಿದ್ದರು. ಆಮೇಲೆ ತೀರ್ಪು. "ಹುಳಿ ಜಾಸ್ತಿ ಮಾರಾಯ. ಈ ಕಬ್ಬಿಣ ಎರಡು ಮಳೆ ತಡೆಯಲ್ಲ." ಇಲ್ಲವೇ, "ಸಪ್ಪೆ. ಯಾರೋ ಮನಸ್ಸಿಲ್ದೆ ಬಡಿದಿದ್ದಾರೆ ಇದನ್ನ." ಚಾರ್ಮಾಡಿ ಘಾಟಿ ಇಳಿಯುವ ಬಸ್ಸುಗಳು ನಮ್ಮೂರಲ್ಲಿ ತಿಂಡಿಗೆ ನಿಲ್ಲುತ್ತವೆ. ನೀರುದೋಸೆಗೆಂದು ಇಳಿದ ಪ್ರಯಾಣಿಕರು ದೋಸೆಯನ್ನು ಮರೆತು ಈ ದೃಶ್ಯ ನೋಡುತ್ತಾ ನಿಂತು, ಕಂಡಕ್ಟರ್ ಸೀಟಿ ಊದಿದ ಮೇಲೆ ಹೊಟ್ಟೆ ಖಾಲಿ ಇಟ್ಟುಕೊಂಡೇ ಓಡಿ ಬಸ್ಸು ಹತ್ತಿದ್ದುಂಟು.

ತೊಂಬತ್ತರ ದಶಕದ ಆರಂಭದ ಮಾತು. ಅಪ್ಪ ಕಟ್ಟಿದ ಅಂಗಡಿಯಲ್ಲಿ ನಾನು ಹೊಸದಾಗಿ ಕೂತಿದ್ದೆ. ಮೊಳೆ, ತಗಡು, ಪೈಪು, ಕತ್ತಿ, ಗುದ್ದಲಿ ಎಲ್ಲವೂ ನನಗೆ ಮಾಲು, ಅಷ್ಟೆ. ಗುದ್ದಲಿ ಅಂದರೆ ಗುದ್ದಲಿ, ಅದರಲ್ಲಿ ನೋಡುವುದೇನಿದೆ ಎಂದು ಒಮ್ಮೆ ಗೌಡರ ಎದುರೇ ಬಾಯಿ ತಪ್ಪಿ ಆಡಿಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಪಾಪ," ಎಂದರು. ಅಂದಿನಿಂದ ನನ್ನ ಹೆಸರು ರವೀಂದ್ರ ಎಂಬುದನ್ನು ಅವರು ಕೈಬಿಟ್ಟು, 'ಹಾರ್ಡ್‌ವೇರು' ಎಂದೇ ಕರೆಯತೊಡಗಿದರು. ಇದಕ್ಕೊಂದು ಬುದ್ಧಿ ಕಲಿಸಬೇಕು ಎಂಬ ಭಾವ ಆ ಕರೆಯಲ್ಲಿ ಇರುತ್ತಿತ್ತು.

ಅವರು ಕಳಸದ ರಸ್ತೆಯ ಗುಬ್ಬಿಹಡ್ಲಿನವರು. ದೊಡ್ಡ ಪ್ಲಾಂಟರ್ ಏನಲ್ಲ. ಒಂದಿಷ್ಟು ಕಾಫಿ, ಅದರ ನಡುವೆ ಕಿತ್ತಳೆ, ಮರಗಳಿಗೆ ಹಬ್ಬಿಸಿದ ಮೆಣಸು. ತೋಟದ ವಹಿವಾಟೆಲ್ಲ ಮಗ ಚಂದ್ರನದು. ಸೊಸೆ, ಮೊಮ್ಮಕ್ಕಳು, ನಾಯಿ, ನೆಂಟರು ಎಂದು ಮನೆ ಸದಾ ಗಿಜಿಗುಡುತ್ತಿತ್ತು. ಗೌಡರು ತಮಗಾಗಿ ಉಳಿಸಿಕೊಂಡಿದ್ದ ಖಾತೆ ಒಂದೇ, ಕಳೆ ತೆಗೆಯುವ ಗುದ್ದಲಿಯ ಆಯ್ಕೆ. ಸಪೂರ ದೇಹ, ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಪಂಚೆ, ಬೇಸಿಗೆಯಲ್ಲೂ ತಲೆಯಿಂದ ಇಳಿಯದ ಉಣ್ಣೆ ಟೋಪಿ. ಬಸ್ಸಿಳಿದವರೇ ಎಡಬಲ ನೋಡದೆ ನೇರ ನನ್ನ ಅಂಗಡಿಗೆ ಬಂದು, "ಏನು ಹಾರ್ಡ್‌ವೇರು, ಹೊಸ ಮಾಲು ಬಂತಾ?" ಎಂದು ಕೇಳುತ್ತಿದ್ದರು. ಬಂದಿದ್ದರೆ ಅವತ್ತಿನ ನನ್ನ ವ್ಯಾಪಾರ ಮುಗಿದ ಹಾಗೆ.

ನೆಕ್ಕುವುದು ಬರೀ ಪೀಠಿಕೆ. ಆಮೇಲೆ ಅಲಗಿನ ಬೆನ್ನಿಗೆ ಬೆರಳ ಗೆಣ್ಣಿನಿಂದ ಬಡಿದು ಕಿವಿ ಇಡುತ್ತಿದ್ದರು. ಮರದ ಹಿಡಿಯಾದ ಕಾವು ಕೂರುವ ತೂತಿಗೆ, ಅಂದರೆ ಗುದ್ದಲಿಯ ಕಣ್ಣಿಗೆ, ತಮ್ಮ ಕಣ್ಣಿಟ್ಟು ಆ ತುದಿಯಲ್ಲಿ ನನ್ನನ್ನು ನೋಡುತ್ತಿದ್ದರು. ಕಾವು ಹೊಕ್ಕುಳಿಗಿಂತ ಮೇಲೆ ಬರಬೇಕು, ಎದೆ ಮುಟ್ಟಬಾರದು. ಸೀಬೆ ಮರದ್ದಾದರೆ ಉತ್ತಮ, ಕಾಫಿ ಕಟ್ಟಿಗೆಯಾದರೆ ನಡೆಯುತ್ತದೆ, ಸಿಲ್ವರ್ ಓಕಿನದಾದರೆ ಒಲೆಗೆ. ಗುದ್ದಲಿಯನ್ನು ಹೆಗಲ ಮೇಲಿಟ್ಟುಕೊಂಡು ಮೀನಿನ ಅಂಗಡಿಯ ತನಕ ನಡೆದು ವಾಪಸು ಬರುತ್ತಿದ್ದರು, ಅದಕ್ಕೆ ಹೆಗಲ ಮೇಲೆ ಕೂರುವ ಗುಣ ಇದೆಯೋ ಇಲ್ಲವೋ ನೋಡಲು. ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಕಠಿಣವಾದದ್ದು. ಅದನ್ನು ಗೋಡೆಗೆ ಒರಗಿಸಿ, ಗಮನವೇ ಇಲ್ಲದವರ ಹಾಗೆ ಬೆನ್ನು ತಿರುಗಿಸಿ ನಿಂತು, ಥಟ್ಟನೆ ತಿರುಗಿ ನೋಡುತ್ತಿದ್ದರು. "ನಾವು ನೋಡ್ತಾ ಇರೋವಾಗ ಎಲ್ಲಾ ಗುದ್ದಲೀನೂ ನೆಟ್ಟಗೇ ಇರ್ತಾವೆ. ನೋಡ್ದೇ ಇದ್ದಾಗ ಯಾವುದು ಜಾರುತ್ತೆ ಅನ್ನೋದು ಮುಖ್ಯ."

ಇಷ್ಟೆಲ್ಲ ಹುಚ್ಚಾಟದ ನಡುವೆ ಅವರ ಬಾಯಿಂದ ಒಂದೊಂದು ಸರಿಯಾದ ಮಾತೂ ಬರುತ್ತಿತ್ತು ಎಂಬುದೇ ಕಷ್ಟ. ಕಾಫಿ ಗಿಡದ ಸಣ್ಣ ಬೇರುಗಳು ನೆಲದ ಮೇಲ್ಪದರದಲ್ಲೇ ಹರಡಿರುತ್ತವೆ. ಆಳಕ್ಕೆ ಇಳಿಯುವ ಗುದ್ದಲಿ ಹಾಕಿದರೆ ಕಳೆಯ ಜೊತೆ ಗಿಡದ ಅನ್ನವನ್ನೂ ಕಿತ್ತ ಹಾಗೆ. ಅದಕ್ಕೇ ಕಳೆ ಗುದ್ದಲಿಯ ಅಲಗು ತೆಳ್ಳಗಿರಬೇಕು, ಹಗುರ ಇರಬೇಕು, ಒಳಮುಖ ಬಾಗಿರಬೇಕು. "ಕಳೆ ಗುದ್ದಲಿ ನೆಲಕ್ಕೆ ಕ್ಷೌರ ಮಾಡ್ಬೇಕು, ಆಪರೇಷನ್ ಮಾಡ್ಬಾರ್ದು," ಎನ್ನುತ್ತಿದ್ದರು. ಇನ್ನೊಂದು ಮಾತನ್ನು ಬಂದಾಗಲೆಲ್ಲ ಒಮ್ಮೆಯಾದರೂ ಹೇಳದೆ ಬಿಡುತ್ತಿರಲಿಲ್ಲ: "ಗುದ್ದಲಿ ತರೋದು ಹೆಣ್ಣು ತಂದಂಗಲ್ಲ ಮಾರಾಯ. ಹೆಣ್ಣು ಹೊಂದ್ಕೊತಾಳೆ. ಗುದ್ದಲಿ ಹೊಂದ್ಕೊಳಲ್ಲ." ಹೀಗೆ ಮಧ್ಯಾಹ್ನದ ತನಕ ನೋಡಿ, ಎಲ್ಲದರಲ್ಲೂ ಒಂದೊಂದು ಐಬು ಹುಡುಕಿ, ಏನನ್ನೂ ಕೊಳ್ಳದೆ, "ಪ್ರಪಂಚದಲ್ಲಿ ಒಳ್ಳೆ ಗುದ್ದಲಿ ಮಾಡೋರೇ ಸತ್ತೋದ್ರು," ಎಂದು ಬಸ್ಸು ಹತ್ತುತ್ತಿದ್ದರು.

ಒಂದು ದಿನ ಬಸ್ಸಿನಿಂದ ಒಂದು ಗೋಣಿಚೀಲ ಇಳಿಸಿದರು. ಕಾಫಿ ಬೀಜ ಇರಬೇಕು ಎಂದುಕೊಂಡೆ. ಬಿಚ್ಚಿದರೆ ಬೇರುಸಮೇತ ಕಳೆ. ಗರಿಕೆ, ಜೇಕು, ನಾಚಿಕೆ ಮುಳ್ಳು, ಜೊತೆಗೆ ಗುಬ್ಬಿಹಡ್ಲಿನ ಮಣ್ಣು. ಅದನ್ನೆಲ್ಲ ನನ್ನ ಅಂಗಡಿಯ ಮುಂದಿನ ಚರಂಡಿಯ ಬದಿಗೆ ಸುರುವಿ, ಕೈಯಾರೆ ನೆಟ್ಟು, ಹೋಟೆಲಿನಿಂದ ನೀರು ತಂದು ಹೊಯ್ದರು. "ಬಟ್ಟೆ ಅಂಗಡೀಲಿ ಕನ್ನಡಿ ಇಡಲ್ವಾ? ಹಂಗೇ ಇದು. ಗುದ್ದಲಿ ಅಂಗಡೀಲಿ ಕಳೆ ಇರ್ಬೇಕು. ಟ್ರಯಲ್ ನೋಡೋದು ಎಲ್ಲಿ ಮತ್ತೆ?" ಎಂದರು. ನಾನು ಬೇಡ ಎನ್ನುವಷ್ಟರಲ್ಲಿ ಮಳೆಗಾಲ ಬಂತು. ಕೊಟ್ಟಿಗೆಹಾರದ ಮಳೆಗೆ ಕಬ್ಬಿಣವೂ ಚಿಗುರುತ್ತದೆ, ಇನ್ನು ಕಳೆ ಕೇಳಬೇಕೇ? ಮಳೆ ನಿಲ್ಲುವ ಹೊತ್ತಿಗೆ ನಾಚಿಕೆ ಮುಳ್ಳು ನನ್ನ ಮೆಟ್ಟಿಲು ಹತ್ತಿ, ಪಕ್ಕದ ಟೈಲರ್ ಅಂಗಡಿಯನ್ನು ದಾಟಿ, ಬಸ್ ನಿಲ್ದಾಣದ ಕಲ್ಲುಬೆಂಚಿನ ಕಾಲು ಹಿಡಿದಿತ್ತು. ಪಂಚಾಯ್ತಿಯವರು ಬಂದು ನನಗೆ ಬೈದರು. ಕಳೆ ನನ್ನದಲ್ಲ, ಶೇಷೇಗೌಡರದು ಎಂದೆ. ಅವರಿಗೂ ಗೌಡರ ಪರಿಚಯ ಇತ್ತಲ್ಲ, ಬಂದ ದಾರಿಯಲ್ಲೇ ತಿರುಗಿ ಹೋದರು.

ಇಂಥ ಗಿರಾಕಿಯನ್ನು ನಾನು ಯಾಕೆ ಸಹಿಸಿಕೊಂಡೆ? ಕಾರಣ ಇದ್ದದ್ದು ಒಂದೇ. ಅವರ ಜೊತೆ ಆಗಾಗ ಅವರ ಮಗಳು ಜಾನಕಿ ಬರುತ್ತಿದ್ದಳು.

ಅಪ್ಪ ಗುದ್ದಲಿ ನೋಡುವಷ್ಟು ಹೊತ್ತೂ ಜಾನಕಿ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು, ನಾನು ಮೊಳೆ ಕಟ್ಟಿಕೊಡಲು ಇಟ್ಟಿದ್ದ ಹಳೆಯ ಪೇಪರುಗಳನ್ನು ಓದುತ್ತಿದ್ದಳು. ಗುಬ್ಬಿಹಡ್ಲಿನ ತೋಟದಲ್ಲಿ ಆಳುಗಳ ಜೊತೆ ನಿಂತು ನಿಜವಾಗಿ ಕಳೆ ತೆಗೆಯುತ್ತಿದ್ದವಳು ಅವಳೇ. ಗೌಡರಿಗೆ ಮಂಡಿ ನೋವು. ಅವರು ಆರಿಸುವವರು ಮಾತ್ರ. ಅವಳು ನನ್ನೊಡನೆ ಆಡಿದ ಮೊದಲ ಮಾತು ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಮೀನಿನ ಅಂಗಡಿಯ ಕಡೆ ಹೆಜ್ಜೆ ಹಾಕಿದಾಗ ಪೇಪರಿನಿಂದ ತಲೆ ಎತ್ತದೆ, "ನಮ್ಮಪ್ಪ ನೆಕ್ಕಿದ್ದನ್ನ ಹಂಗೇ ಮಾರ್ಬೇಡಿ. ತೊಳ್ದಿಡಿ," ಎಂದಳು. ನಾನು ಅವತ್ತು ಎಲ್ಲವನ್ನೂ ತೊಳೆದಿಟ್ಟೆ. ಅವತ್ತೇ ನನ್ನ ಕಥೆ ಮುಗಿದಿತ್ತು.

ಆದರೆ ಗೌಡರ ಕಣ್ಣಿಗೆ ನಾನು ಗಂಡಸಾಗಿ ಬಿದ್ದೇ ಇರಲಿಲ್ಲ. ಗುದ್ದಲಿಗಳನ್ನು ನೇತುಹಾಕುವ ಕೊಕ್ಕೆಯ ಹಾಗೆ ನಾನೂ ಅಂಗಡಿಯ ಒಂದು ಸಾಮಾನು. ಅಷ್ಟರಲ್ಲಿ ಕಾಫಿಗೆ ಒಳ್ಳೆಯ ಕಾಲ ಬಂತು. ಘಟ್ಟದ ಮೇಲೆಲ್ಲ ಹೊಸ ಜೀಪುಗಳು ಓಡಾಡಿದವು, ಆ ಜೀಪುಗಳಲ್ಲಿ ಗುಬ್ಬಿಹಡ್ಲಿಗೆ ಗಂಡುಗಳು ಬರತೊಡಗಿದರು. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರ ಮುಗಿದ ಮೇಲೆ ಗಂಡಿನವರು ತೋಟ ಸುತ್ತುವುದು ವಾಡಿಕೆ. ಶೇಷೇಗೌಡರು ಅದಕ್ಕೊಂದು ಬಾಲ ಸೇರಿಸಿದರು. ತೋಟ ಸುತ್ತಿದ ಮೇಲೆ, "ಹಂಗೇ ಕೊಟ್ಟಿಗೆಹಾರಕ್ಕೆ ಹೋಗಿ ಬರಾಣ. ತೋಟಕ್ಕೊಂದು ಕಳೆ ಗುದ್ದಲಿ ಬೇಕಿತ್ತು, ಒಂದು ಆರಿಸಿ ಕೊಡಿ," ಎಂದು ಗಂಡನ್ನು ಜೀಪಿನಲ್ಲಿ ಹತ್ತಿಸಿಕೊಂಡು ನನ್ನ ಅಂಗಡಿಗೆ ತರುತ್ತಿದ್ದರು.

ನನ್ನ ಪಾಡು ಯೋಚಿಸಿ. ನಾನು ಮನಸ್ಸಿಟ್ಟ ಹುಡುಗಿಯನ್ನು ನೋಡಲು ಬಂದವನಿಗೆ ನಾನೇ ಕುರ್ಚಿ ಹಾಕಬೇಕು, ನಾನೇ ಕಾಫಿ ತರಿಸಬೇಕು, ನಾನೇ ಏಣಿ ಹತ್ತಿ ಒಂದೊಂದೇ ಗುದ್ದಲಿ ಇಳಿಸಿ ಕೈಗೆ ಕೊಡಬೇಕು. ಹಲ್ಲು ಕಚ್ಚಿಕೊಂಡು ಕೊಟ್ಟೆ.

ಮೊದಲನೆಯವನು ಸಕಲೇಶಪುರದ ಕಡೆಯವನು. ನೀಲಿ ಬಣ್ಣ ಬಳಿದ ಒಂದನ್ನು ಎತ್ತಿಕೊಂಡು "ಇದು ಚೆನ್ನಾಗಿದೆ" ಎಂದ. ಗೌಡರು ನಗುನಗುತ್ತಾ ಅವನನ್ನು ಜೀಪು ಹತ್ತಿಸಿ, ಜೀಪು ಮರೆಯಾದ ಮೇಲೆ ನನ್ನ ಕಡೆ ತಿರುಗಿದರು. "ಬಣ್ಣ ನೋಡಿ ತಗೊಂಡ. ನಾಳೆ ನನ್ನ ಮಗಳ ಬಣ್ಣ ಮಾಸಿದ್ರೆ?" ಎರಡನೆಯವನು ಕೊಪ್ಪದ ಕಡೆಯ ಒಂದು ದೊಡ್ಡ ಎಸ್ಟೇಟಿನ ರೈಟರ್, ಆಳುಗಳ ಲೆಕ್ಕ ಬರೆಯುವವನು. ಅಂಗಡಿಯಲ್ಲಿದ್ದ ಅತ್ಯಂತ ಭಾರದ ಗುದ್ದಲಿ ಹಿಡಿದು, "ಆಳುಗಳ ಕೈಗೆ ಗಟ್ಟಿ ಮಾಲೇ ಕೊಡಬೇಕು," ಎಂದ. ಅವನೂ ಹೋದ. "ಭಾರದ್ದು ಆರಿಸೋನು ತಾನು ಎತ್ತೋನಲ್ಲ ಹಾರ್ಡ್‌ವೇರು, ಬೇರೆಯವ್ರ ಕೈಲಿ ಎತ್ತಿಸೋನು." ಬೇಲೂರಿನ ಕಡೆಯ ಒಬ್ಬ "ಯಾವುದಾದ್ರೂ ಆಗುತ್ತೆ ಬಿಡಿ" ಎಂದದ್ದಕ್ಕೆ ಗೌಡರು ಅವನಿಗೆ ಕಾಫಿ ಮುಗಿಸಲೂ ಬಿಡಲಿಲ್ಲ. ಮತ್ತೊಬ್ಬ ಹುರುಪಿನಿಂದ ಬೀಸಿ ನೋಡಲು ಹೋಗಿ ನನ್ನ ಗಾಜಿನ ಕಪಾಟು ಒಡೆದ. ಗಾಜು ಹೋದದ್ದಕ್ಕೆ ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ. ಪ್ರತಿ ಸಲ ಜೀಪು ತಿರುಗಿ ಹೋದಾಗಲೂ ನಾನು ಗೌಡರಿಗೆ ಇನ್ನೊಂದು ಕಾಫಿ ತರಿಸುತ್ತಿದ್ದೆ. "ನಿಂಗೇನು ಇವತ್ತು ಇಷ್ಟು ಖುಷಿ?" ಎಂದು ಅವರು ಕೇಳುತ್ತಿದ್ದರು. ವ್ಯಾಪಾರ ಚೆನ್ನಾಗಿತ್ತು ಎನ್ನುತ್ತಿದ್ದೆ.

ಆಮೇಲೆ ಸೋಮವಾರಪೇಟೆಯವನು ಬಂದ.

ಅವನು ಮಾತಾಡುವವನಲ್ಲ. ನೇತುಹಾಕಿದ್ದ ಗುದ್ದಲಿಗಳ ಮುಂದೆ ಒಂದು ಸುತ್ತು ಹೋದ. ಯಾವುದನ್ನೂ ಮುಟ್ಟಲಿಲ್ಲ. ತಲೆ ಎತ್ತಿ ಅಟ್ಟ ನೋಡಿ, "ಮೇಲೆ ಏನಿದೆ?" ಎಂದ. ಅಟ್ಟದ ಮೇಲೆ ಅಪ್ಪನ ಕಾಲದ ಹಳೆಯ ಮಾಲಿತ್ತು, ಊರಿನ ಕುಲುಮೆಯಲ್ಲಿ ಬಡಿಸಿದ್ದು, ತುಕ್ಕು ಹಿಡಿದದ್ದು. ಅವನೇ ಏಣಿ ಹತ್ತಿ, ಕೆಮ್ಮುತ್ತಾ, ಜೇಡರ ಬಲೆ ಮೆತ್ತಿದ ಒಂದು ಗುದ್ದಲಿಯನ್ನು ಇಳಿಸಿಕೊಂಡು ಬಂದ. ಗೆಣ್ಣಿನಿಂದ ಬಡಿದ. ಅದು ಗಂಟೆಯ ಹಾಗೆ ಠಣ್ ಎಂದಿತು. ಗೌಡರು ಕುರ್ಚಿಯಿಂದ ಎದ್ದು ನಿಂತರು. ಅವನು ಅಲಗಿನ ಒಂದು ಮೂಲೆಯ ತುಕ್ಕನ್ನು ಹೆಬ್ಬೆರಳಿನಿಂದ ಒರೆಸಿ, ಬಾಯಿಯ ಹತ್ತಿರ ತಂದು, ನೆಕ್ಕಿದ.

"ಹುಳಿ ಇಲ್ಲ," ಎಂದ ಅವನು.

ಗೌಡರು ಅವನ ಕೈಯಿಂದ ಅದನ್ನು ತೆಗೆದುಕೊಂಡು ಇನ್ನೊಂದು ಮೂಲೆ ನೆಕ್ಕಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು. "ಇಲ್ಲ," ಎಂದರು. ನಾನು ಕೈಯಲ್ಲಿದ್ದ ಮೊಳೆಯ ಪೊಟ್ಟಣವನ್ನು ಕೆಳಗಿಟ್ಟೆ. ಇನ್ನು ಲಗ್ನಪತ್ರಿಕೆ ಒಂದು ಬಾಕಿ ಅನ್ನಿಸಿತು. ಜಾನಕಿ ಅವತ್ತು ಟೈಲರ್ ಬಳಿ ಕೆಲಸವಿದೆ ಎಂದು ಜೊತೆಗೇ ಬಂದವಳು, ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಹಾರ್ಡ್‌ವೇರು, ಇದು ನಂಗಿರ್ಲಿ," ಎಂದರು ಗೌಡರು.

"ಗೌಡ್ರೇ, ಅದು ನಾನು ಆರಿಸಿದ್ದು," ಎಂದ ಗಂಡು.

"ಆರಿಸಿ ಕೊಡಿ ಅಂತ ಹೇಳಿದ್ದು ನನ್ನ ತೋಟಕ್ಕಲ್ವಾ?"

"ಹೌದು. ಆದ್ರೆ ಇಂಥದ್ದು ಸಿಕ್ಕಿದ ಮೇಲೆ ಬೇರೆಯವ್ರ ತೋಟಕ್ಕೆ ಬಿಟ್ಟು ಹೋಗೋದು ಹೆಂಗೆ?"

ಗೌಡರು ಅಲಗನ್ನು ಹಿಡಿದಿದ್ದರು. ಅವನು ಅದರ ಕಣ್ಣಿನೊಳಗೆ ಎರಡು ಬೆರಳು ತೂರಿಸಿದ್ದ. ಇಬ್ಬರೂ ಬಿಡಲಿಲ್ಲ. ಗಂಡಿನ ಅಪ್ಪ ಗಂಟಲು ಸರಿಮಾಡಿಕೊಂಡು ನೆಂಟಸ್ತನದ ವಿಚಾರ ಎತ್ತಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಗೌಡರು ಗುಡುಗಿದರು: "ಒಂದು ಮಾತು ಹೇಳಪ್ಪ. ನಿಂಗೆ ಹುಡುಗಿ ಬೇಕೋ, ಗುದ್ದಲಿ ಬೇಕೋ?"

ಅವನು ಗುದ್ದಲಿಯನ್ನು ನೋಡಿದ. ಜೀಪಿನ ಕಡೆ ನೋಡಿದ. ಮತ್ತೆ ಗುದ್ದಲಿಯನ್ನು ನೋಡಿದ. "ಯೋಚ್ನೆ ಮಾಡಿ ಹೇಳ್ತೀನಿ," ಎಂದ.

ಗೌಡರು ಅಲಗು ಬಿಟ್ಟು ಅವನ ಬೆನ್ನು ತಟ್ಟಿದರು. ಇಷ್ಟು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. "ಇವ್ನೇ ಕಣೋ ಅಳಿಯ! ಯೋಚ್ನೆ ಮಾಡ್ತಾನೆ ನೋಡು! ತಕ್ಷಣ ಹುಡುಗಿ ಅಂದಿದ್ರೆ ಶುದ್ಧ ಸುಳ್ಳು ಅದು."

ಜೀಪಿನ ಬಾಗಿಲು ಧಡ್ ಎಂದಿತು. ಜಾನಕಿ ಮೆಟ್ಟಿಲು ಹತ್ತಿ ಬಂದು ಅವನ ಬೆರಳಿನಿಂದ ಗುದ್ದಲಿಯನ್ನು ಬಿಡಿಸಿದಳು. "ನೀವು ಯೋಚ್ನೆ ಮಾಡಿ ಸುಸ್ತಾಗೋದು ಬೇಡ. ನಂಗೆ ಈ ಗಂಡು ಬೇಡ. ಅಪ್ಪ, ನಿಮ್ಗೂ ಈ ಗುದ್ದಲಿ ಬೇಡ." ಆಮೇಲೆ ನನ್ನ ಕೈಗೆ ಕೊಟ್ಟು, "ಎಲ್ಲಿತ್ತೋ ಅಲ್ಲೇ ಇಡಿ," ಎಂದಳು. ನಾನು ಏಣಿಯನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಅಟ್ಟದ ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಕೂತು, ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕೆ.

ಸೋಮವಾರಪೇಟೆಯವರು ಮತ್ತೆ ಬರಲಿಲ್ಲ. ಗೌಡರೂ ಮುನಿಸಿಕೊಂಡು ಕೆಲವು ವಾರ ಇತ್ತ ಸುಳಿಯಲಿಲ್ಲ. ಅಂಗಡಿ ಮುಂದಿನ ಕಳೆ ಸೊಂಟದೆತ್ತರ ಬೆಳೆಯಿತು. ಅಷ್ಟರಲ್ಲಿ ಒಂದು ಬೆಳಗ್ಗೆ ಜಾನಕಿ ಒಬ್ಬಳೇ ಬಸ್ಸಿಳಿದು ಬಂದಳು. ತೋಟದಲ್ಲಿ ಇದ್ದ ಗುದ್ದಲಿ ಸವೆದು ಚಮಚ ಆಗಿದೆ, ಒಂದು ಬೇಕು ಎಂದಳು. ನೇತುಹಾಕಿದ್ದರಲ್ಲಿ ಎರಡನ್ನು ಕೈಯಲ್ಲಿ ತೂಗಿ, ಒಂದನ್ನು ಇಟ್ಟುಕೊಂಡು, "ಇದು ಸಾಕು," ಎಂದಳು. ಅವಳು ಬಂದ ಬಸ್ಸು ಇನ್ನೂ ನಿಲ್ದಾಣದಲ್ಲಿ ತಿರುಗಿ ನಿಂತಿರಲಿಲ್ಲ.

"ನೆಕ್ಕಲ್ವಾ?" ಎಂದೆ. ಅವಳು ನಕ್ಕಳು. ಆ ನಗು ಕೊಟ್ಟ ಧೈರ್ಯದಲ್ಲಿ, "ಅವತ್ತು ನಿಮ್ಮಪ್ಪ ಆ ಪ್ರಶ್ನೆ ನಂಗೆ ಕೇಳಿದ್ರೆ ನಾನು ಯೋಚ್ನೆ ಮಾಡ್ತಿರಲಿಲ್ಲ," ಎಂದುಬಿಟ್ಟೆ.

"ಏನಂತಿದ್ರಿ?"

"ಗುದ್ದಲಿ ನಮ್ಮಂಗಡೀಲಿ ಬೇಕಾದಷ್ಟಿದೆ ಅಂತಿದ್ದೆ."

ಜಾನಕಿ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡಳು. "ಅದನ್ನ ನಂಗೆ ಹೇಳಿದ್ರೆ ಏನು ಬಂತು? ಅಪ್ಪಂಗೆ ಹೇಳಿ," ಎಂದು ಹೊರಟಳು. ಕಿವಿಯವರೆಗೂ ಕೆಂಪಾಗಿದ್ದಳು. ನಾನಂತೂ ದುಡ್ಡು ಇಸಿದುಕೊಳ್ಳುವುದನ್ನೂ ಮರೆತಿದ್ದೆ.

ಗೌಡರು ಬಂದ ದಿನ ನಾನು ಸುತ್ತಿ ಬಳಸಿ ಮಾತಾಡಲಿಲ್ಲ. "ಗೌಡ್ರೇ, ನಂಗೆ ಗುದ್ದಲಿ ಬೇಡ. ಜಾನಕಿ ಬೇಕು," ಎಂದೆ. ಅವರು ಕನ್ನಡಕ ಇಳಿಸಿ, ಇಷ್ಟು ಕಾಲದಲ್ಲಿ ಮೊದಲ ಸಲ ನನ್ನನ್ನು ಒಬ್ಬ ಗಂಡಾಗಿ ನೋಡಿದರು. ಗುದ್ದಲಿಯನ್ನು ನೋಡುವ ಹಾಗೆಯೇ, ಮೇಲಿನಿಂದ ಕೆಳಗೆ. ಎಲ್ಲಿ ನೆಕ್ಕುತ್ತಾರೋ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಗುದ್ದಲಿ ಅಂಗಡಿ ಇಟ್ಕೊಂಡು ಗುದ್ದಲಿ ಬೇಡ ಅಂತೀಯಲ್ಲ ಮಾರಾಯ. ನಿನ್ನ ನಂಬೋದು ಹೆಂಗೆ?" ಎಂದರು. ನಾನು ಪಟ್ಟು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ, "ಎಲ್ರಿಗೂ ಒಂದೇ ಕಾನೂನು. ಬರೋ ಸೋಮವಾರ ಬರ್ತೀನಿ. ನೀನೂ ಆರಿಸು," ಎಂದು ಎದ್ದು ಹೋದರು.

ಆ ವಾರ ನಾನು ಅನ್ನ ಸರಿಯಾಗಿ ಉಣ್ಣಲಿಲ್ಲ. ಯಾರಿಗೂ ಬಾರದ ಕಷ್ಟ ನನ್ನದು. ಅಂಗಡಿಯಲ್ಲಿದ್ದ ಒಂದೊಂದು ಗುದ್ದಲಿಗೂ ಗೌಡರು ಇಟ್ಟಿದ್ದ ದೂರು ನನಗೆ ಬಾಯಿಪಾಠ. ಇದು ಹುಳಿ, ಅದು ಸಪ್ಪೆ, ಆ ಮೂಲೆಯದ್ದು ಸೋಮಾರಿ. ಯಾವುದನ್ನು ಎತ್ತಿದರೂ ನಾನು ಫೇಲು. ಅವರು ಒಪ್ಪಿದ್ದು ಅಟ್ಟದ ಮೇಲಿನ ಒಂದನ್ನೇ. ಅದನ್ನು ಎತ್ತಿದರೋ ಹಳೆಯ ಜಗಳ ಕೆದಕಿದ ಹಾಗೆ. ಜೊತೆಗೆ ಅದನ್ನು ಇಳಿಸಬೇಡ ಎಂದವಳು ಜಾನಕಿ. ಅವಳ ಮಾತು ಮೀರಿ ಅವಳನ್ನೇ ಕೇಳುವುದು ಹೇಗೆ?

ಸೋಮವಾರ ಇಡೀ ಕೊಟ್ಟಿಗೆಹಾರ ನನ್ನ ಅಂಗಡಿಯ ಮುಂದಿತ್ತು. ಹೋಟೆಲಿನವರು ಕಾವಲಿ ಇಳಿಸಿ ಬಂದಿದ್ದರು. ಟೈಲರು ಕತ್ತರಿ ಹಿಡಿದುಕೊಂಡೇ ನಿಂತಿದ್ದ. ಗೌಡರು ಮಗ ಚಂದ್ರನನ್ನೂ ಜಾನಕಿಯನ್ನೂ ಕರೆದುಕೊಂಡು ಬಂದು, ಕಳೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಅಟ್ಟದ್ದನ್ನು ಬಿಟ್ಟು ಉಳಿದೆಲ್ಲ ಗುದ್ದಲಿಗಳನ್ನೂ ಹೊರಗೆ ತಂದು ಸಾಲಾಗಿ ಇಟ್ಟೆ. ಒಂದನ್ನು ಎತ್ತಿದೆ, ಬಡಿದೆ, ಇಟ್ಟೆ. ಇನ್ನೊಂದನ್ನು ಎತ್ತಿ ಅದರ ಕಣ್ಣಿನಲ್ಲಿ ನೋಡಿದೆ. ಆ ತುದಿಯಲ್ಲಿ ಜಾನಕಿ ಕಂಡಳು, ಅದನ್ನೂ ಇಟ್ಟೆ. ಬೆವರಿಗೆ ಕಾವುಗಳೆಲ್ಲ ಜಾರತೊಡಗಿದವು. ಸಾಲು ಮುಗಿಯಿತು. ನನಗೆ ಅಳು ಬರುವಂತಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು.

"ಗೌಡ್ರೇ, ನನ್ನ ಅಂಗಡೀಲಿ ಒಳ್ಳೆ ಗುದ್ದಲಿ ಒಂದೂ ಇಲ್ಲ," ಎಂದೆ.

ಗೌಡರು ನಿಧಾನವಾಗಿ ಎದ್ದರು. "ಏನಂದೆ? ಇನ್ನೊಂದ್ಸಲ ಹೇಳು."

"ಇಲ್ಲ. ಒಂದೂ ಇಲ್ಲ."

ಅವರು ನೆರೆದವರ ಕಡೆ ತಿರುಗಿ ಎರಡೂ ಕೈ ಎತ್ತಿದರು. "ಕೇಳಿದ್ರೇನ್ರೋ? ಇಷ್ಟು ವರ್ಷದಿಂದ ನಾನು ಬಾಯಿ ಬಡ್ಕೊಂಡಿದ್ದು ಇದೇ ಅಲ್ವಾ? ಕೊನೆಗೂ ಒಬ್ಬನಿಗೆ ಕಣ್ಣು ಬಂತು!" ಎಂದು ನನ್ನನ್ನು ತಬ್ಬಿಕೊಂಡರು. ಉಣ್ಣೆ ಟೋಪಿ ನನ್ನ ಮೂಗಿಗೆ ಒತ್ತಿ ಉಸಿರು ಕಟ್ಟಿತು. ಅದರ ಸಂದಿಯಿಂದಲೇ ನೋಡಿದೆ, ಜಾನಕಿ ತಲೆ ತಗ್ಗಿಸಿ ನಗುತ್ತಿದ್ದಳು. ಬದುಕಿನಲ್ಲಿ ಅಷ್ಟು ಸಂತೋಷವನ್ನು ನಾನು ಮತ್ತೆ ಕಂಡಿಲ್ಲ. ಅದರ ಬೆನ್ನಿಗೇ ನಷ್ಟವೂ ಬಂತು ಅನ್ನಿ. ಅಂಗಡಿಯವನೇ ತನ್ನ ಮಾಲು ಸರಿಯಿಲ್ಲ ಎಂದು ಊರೆದುರು ಹೇಳಿದ ಮೇಲೆ ಯಾರು ಕೊಳ್ಳುತ್ತಾರೆ? ಆ ವರ್ಷ ಸುತ್ತಲಿನವರೆಲ್ಲ ಗುದ್ದಲಿಗೆ ಮೂಡಿಗೆರೆಗೆ ಹೋದರು.

ಮದುವೆಯಾಯಿತು. ಅಂಗಡಿಯ ಹಿಂದೆಯೇ ನಮ್ಮ ಮನೆ. ಇನ್ನು ಮಾವನವರು ಗುದ್ದಲಿಯ ಗೊಡವೆ ಬಿಟ್ಟು ನೆಂಟರಂತೆ ಬಂದು ಹೋಗುತ್ತಾರೆ ಎಂದುಕೊಂಡಿದ್ದೆ. ಎಲ್ಲಿಯ ಮಾತು? ಮೊದಲು ವಾರಕ್ಕೊಮ್ಮೆ ಬರುತ್ತಿದ್ದವರು ಈಗ ಹೆಚ್ಚುಕಡಿಮೆ ದಿನವೂ ಬರತೊಡಗಿದರು. ಹತ್ತೂವರೆ ಬಸ್ಸಿಗೆ ಇಳಿಯುವುದು, "ಏನು ಹಾರ್ಡ್‌ವೇರು, ಹೊಸ ಮಾಲು ಬಂತಾ?" ಎನ್ನುವುದು, ಅದೇ ಹಳೆಯ ಗುದ್ದಲಿಗಳನ್ನು ಮತ್ತೆ ಬಡಿದು ನೋಡುವುದು. "ಮಾವ, ಒಳಗೆ ಬನ್ನಿ," ಎಂದರೆ, "ಇಲ್ಲಪ್ಪ, ನಾನು ಗುದ್ದಲಿ ನೋಡೋಕೆ ಬಂದೋನು," ಎಂದು ಮೆಟ್ಟಿಲ ಮೇಲೇ ನಿಲ್ಲುತ್ತಿದ್ದರು. ಜಾನಕಿ ಸಕ್ಕರೆ ಕಡಿಮೆ ಹಾಕಿದ ಒಂದು ಲೋಟ ಕಾಫಿಯನ್ನು ಹೊರಗೆ ತಂದು ಅಪ್ಪನಿಗೆ ಕೊಟ್ಟು ಸ್ಟೂಲಿನಲ್ಲಿ ಕೂರುತ್ತಿದ್ದಳು. ಅಪ್ಪ ಮಗಳು ಬಹಳ ಮಾತಾಡುತ್ತಿದ್ದರು ಎಂದೇನಿಲ್ಲ. ಅವಳು ಪೇಪರ್ ಓದುವುದು, ಅವರು ಗುದ್ದಲಿ ಬಡಿಯುವುದು, ನಡುವೆ "ಚಂದ್ರನ ಹಸು ಕರು ಹಾಕ್ತು" ಎನ್ನುವುದು, ಅಷ್ಟೆ. ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕಾಲ ಬದಲಾಯಿತು. ಕಳೆಗೆ ಔಷಧಿ ಹೊಡೆಯುವವರು ಬಂದರು. ಆಮೇಲೆ ಪೆಟ್ರೋಲ್ ಹಾಕಿ ಹೆಗಲಿಗೆ ನೇತುಹಾಕಿಕೊಳ್ಳುವ, ಗುಂಯ್‌ಗುಡುವ ಕಳೆ ಮೆಷಿನ್ನು ಬಂತು. ನಾನೂ ಒಂದನ್ನು ತಂದು ಅಂಗಡಿಯ ಮುಂದಿಟ್ಟೆ. ಮಾವ ಅದರ ಸುತ್ತ ನಡೆದರು, ಬಡಿದರು, ಕೊನೆಗೆ ಬಗ್ಗಿ ಅದರ ಬ್ಲೇಡನ್ನೂ ನೆಕ್ಕಿದರು. "ಗ್ಯಾಸ್ಟ್ರಿಕ್ ಇದೆ ಇದಕ್ಕೆ," ಎಂದು ಉಗಿದು, ಹೋಟೆಲಿನಿಂದ ನೀರು ತರಿಸಿ ಬಾಯಿ ಮುಕ್ಕಳಿಸಿದರು. ಜಾನಕಿ ಅವತ್ತು ಇಡೀ ದಿನ ನಗುತ್ತಿದ್ದಳು. ಗುದ್ದಲಿ ಕೇಳುವವರು ಬರಬರುತ್ತಾ ಇಲ್ಲವೇ ಆದರು. ಆದರೂ ಮಾವನಿಗಾಗಿ ನಾನು ಆಗಾಗ ನಾಲ್ಕು ಹೊಸ ಗುದ್ದಲಿ ತರಿಸಿ ನೇತುಹಾಕುತ್ತಿದ್ದೆ. ಪ್ರತಿಯೊಂದಕ್ಕೂ ಅವರು ಮನಸ್ಸಿಟ್ಟು ಐಬು ಹುಡುಕಿ ಕೊಡುತ್ತಿದ್ದರು.

ಕೊನೆಕೊನೆಗೆ ಮಂಡಿ ಪೂರ್ತಿ ಕೈಕೊಟ್ಟಿತು. ಬಸ್ಸು ಹತ್ತಲಾರದೆ ಹೋದರು. ಎದೆಯಲ್ಲಿ ಕಫ ಕಟ್ಟಿದೆ ಎಂದು ಚಂದ್ರ ಫೋನು ಮಾಡಿದಾಗ ನಾನೂ ಜಾನಕಿಯೂ ಗುಬ್ಬಿಹಡ್ಲಿಗೆ ಹೋದೆವು. ಅವಳು ಸ್ವಲ್ಪ ಹೊತ್ತು ಅಪ್ಪನ ಕಾಲ ಬಳಿ ಕೂತಿದ್ದು, ಅತ್ತಿಗೆ ಕರೆದಳೆಂದು ಒಳಗೆ ಹೋದಳು. ಮಾವ ಮಂಚದಲ್ಲಿ ಗೋಡೆಗೆ ಒರಗಿ, ಟೋಪಿ ಹಾಕಿಕೊಂಡೇ ಕೂತಿದ್ದರು. ನನ್ನನ್ನು ಹತ್ತಿರ ಕರೆದರು.

"ಹಾರ್ಡ್‌ವೇರು, ಅವತ್ತು ನೀನು ಸುಳ್ಳು ಹೇಳ್ದೆ. ನಿನ್ನ ಅಂಗಡೀಲಿ ಒಂದು ಒಳ್ಳೆ ಗುದ್ದಲಿ ಇತ್ತು. ಅಟ್ಟದ ಮೇಲೆ."

"ಇತ್ತು ಮಾವ."

"ನಂಗೆ ಗೊತ್ತಿತ್ತು ಮಾರಾಯ. ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಒಪ್ಪಿದ್ರಿ?"

ಅವರು ಕೆಮ್ಮಿ, ಸುಧಾರಿಸಿಕೊಂಡರು. "ನೀನು ಯಾವ್ದು ಎತ್ತಿದ್ರೂ ಒಪ್ಪೋನೇ ಇದ್ದೆ. ಉಳಿದೋರೆಲ್ಲ ಎಲ್ಲೆಲ್ಲಿಯೋರು ನೋಡು. ಸಕಲೇಶಪುರ, ಕೊಪ್ಪ, ಸೋಮವಾರಪೇಟೆ. ಅಲ್ಲಿಗೆಲ್ಲ ಹೋಗಿ ಬಾಗಿಲಲ್ಲಿ ನಿಂತ್ಕೊಳ್ಳೋಕೆ ಆಗ್ತದಾ? ಮಗಳನ್ನ ನೋಡೋಕೆ ದಿನಾ ಹೋಗೋ ಅಪ್ಪನ್ನ ಕಂಡ್ರೆ ಜನ ನಗ್ತಾರೆ. ಬೀಗರು ಮುಖ ಸಿಂಡರಿಸ್ತಾರೆ." ಅವರು ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. "ಗುದ್ದಲಿ ನೋಡೋಕೆ ಹೋದ್ರೆ ಯಾರೂ ಏನೂ ಅನ್ನಲ್ಲ."

ಆಮೇಲೆ ಅವರೇ, "ಆದ್ರೂ ನೀನು ಯಾವ್ದಾದ್ರೂ ಒಂದು ಎತ್ತಿ ಕೊಡ್ಬೇಕಿತ್ತು. ಒಂದು ಗುದ್ದಲಿ ಬಿಟ್ಟಿ ಸಿಗ್ತಿತ್ತು ನಂಗೆ," ಎಂದು ಕಣ್ಣು ಮುಚ್ಚಿದರು. ಅದೇ ಅವರು ನನ್ನೊಡನೆ ಆಡಿದ ಕೊನೆಯ ಮಾತು. ಆ ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು.

ಈಗಲೂ ಹತ್ತೂವರೆ ಬಸ್ಸು ನಿಂತ ಸದ್ದು ಕೇಳಿದಾಗ ಜಾನಕಿ ಒಂದು ಲೋಟ ಕಾಫಿ ಹಿಡಿದು ಒಳಗಿನಿಂದ ಬರುತ್ತಾಳೆ. ಬಂದು, ಮೆಟ್ಟಿಲ ಕಡೆ ಒಮ್ಮೆ ನೋಡಿ, ಲೋಟವನ್ನು ನನ್ನ ಮುಂದೆ ಇಟ್ಟು ಹೋಗುತ್ತಾಳೆ. ಸಕ್ಕರೆ ನನಗೆ ಹಿಡಿಸುವಷ್ಟು ಇರುವುದಿಲ್ಲ, ಆ ಹೊತ್ತಿಗೆ ಕಾಫಿಯ ಅಭ್ಯಾಸವೂ ನನಗಿಲ್ಲ. ಕುಡಿಯುತ್ತೇನೆ.